ಬೌದ್ಧಿಕ ವಿಕಲತೆಯುಳ್ಳವರ ಕಾಯಿಲೆ ವೈದ್ಯರ ಕಣ್ಣಿಗೆ ಬೀಳುವಂತೆ ಮಾಡುವುದು ಹೇಗೆ?

ಪ್ರಶ್ನೆ (ತಂಗಿ, ಆರೈಕೆದಾರಳು)

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಡೌನ್ ಸಿಂಡ್ರೋಮ್ ಇದೆ. ವಯಸ್ಸು ನಲವತ್ತು ದಾಟಿದೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾನೆ, ಪರಿಚಿತರ ಮಾತು ಅವನಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಆದರೆ ಎಲ್ಲಿ ನೋಯುತ್ತಿದೆ, ಯಾವಾಗಿನಿಂದ ನೋಯುತ್ತಿದೆ ಎಂಬುದನ್ನು ಬಿಡಿಸಿ ಹೇಳಲು ಅವನಿಂದಾಗದು. ಅಪರಿಚಿತರು "ನೋವಿದೆಯಾ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾನೆ, "ಆರಾಮಾಗಿದ್ದೀಯಾ?" ಎಂದು ಕೇಳಿದರೆ "ಹೂಂ" ಎನ್ನುತ್ತಾನೆ. ಎದುರಿಗಿರುವವರಿಗೆ ಯಾವ ಉತ್ತರ ಬೇಕಾಗಿದೆಯೋ ಅದನ್ನೇ ಕೊಡುವುದು ಅವನ ಸ್ವಭಾವ.

ಕೆಲವು ತಿಂಗಳುಗಳಿಂದ ಅವನು ಮಂಕಾಗಿದ್ದಾನೆ. ಇಷ್ಟಪಟ್ಟು ಉಣ್ಣುತ್ತಿದ್ದವನು ಎರಡು ತುತ್ತಿಗೇ ತಟ್ಟೆಯನ್ನು ದೂರ ತಳ್ಳುತ್ತಾನೆ, ಆಗಾಗ ಎಡಗೆನ್ನೆಗೆ ಅಂಗೈಯಿಂದ ಹೊಡೆದುಕೊಳ್ಳುತ್ತಾನೆ, ಹಗಲಿನಲ್ಲಿ ಕುಳಿತಲ್ಲಿಯೇ ತೂಕಡಿಸುತ್ತಾನೆ. ವೈದ್ಯರಲ್ಲಿಗೆ ಕರೆದುಕೊಂಡು ಹೋದಾಗ ಅವರು ಅವನನ್ನು ಮುಟ್ಟಿಯೂ ನೋಡದೆ, ಅವನೊಡನೆ ಒಂದು ಮಾತನ್ನೂ ಆಡದೆ, "ಇಂಥವರಲ್ಲಿ ವಯಸ್ಸಾಗುತ್ತಾ ಬಂದಂತೆ ಇದೆಲ್ಲ ಸಹಜ" ಎಂದು ನನಗೆ ಹೇಳಿ, ಹಠ ಕಡಿಮೆಯಾಗಲೆಂದು ಒಂದು ಮಾತ್ರೆ ಬರೆದುಕೊಟ್ಟರು. ಅದನ್ನು ಕೊಡಲು ಆರಂಭಿಸಿದ ಮೇಲೆ ತೂಕಡಿಕೆ ಇನ್ನಷ್ಟು ಹೆಚ್ಚಾಗಿದೆ.

ನಾನು ತಿಳಿಯಬಯಸುವುದು ಇಷ್ಟು. ಇದು ನಿಜಕ್ಕೂ ಅವನ ಸ್ಥಿತಿಯ ಸಹಜ ಭಾಗವೇ? ಅಲ್ಲವಾದರೆ, ಮತ್ತೊಮ್ಮೆ ವೈದ್ಯರನ್ನು ಕಾಣುವಾಗ ನಾನು ಏನನ್ನು ಕೇಳಬೇಕು, ಅವನನ್ನು ಹೇಗೆ ಸಿದ್ಧಪಡಿಸಬೇಕು? ಜನಜಂಗುಳಿ ಮತ್ತು ಸೂಜಿ ಎರಡೂ ಅವನಿಗೆ ಭಯ. ಆಸ್ಪತ್ರೆಯವರಿಂದ ಯಾವ ಬಗೆಯ ಅನುಕೂಲಗಳನ್ನು ಅಪೇಕ್ಷಿಸುವುದು ನ್ಯಾಯಸಮ್ಮತ ಎಂಬುದನ್ನೂ ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ (ವೈದ್ಯ, ಸಾಮಾನ್ಯ ಚಿಕಿತ್ಸೆ)

ನಮಸ್ಕಾರ ಮೇಡಂ. ನಿಮ್ಮ ಅಣ್ಣನವರನ್ನು ಪರೀಕ್ಷಿಸದೆ ಅವರಿಗೆ ಇಂಥದೇ ಕಾಯಿಲೆ ಎಂದು ಹೇಳಲು ನನ್ನಿಂದಾಗದು. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಖಚಿತವಾಗಿ ಉತ್ತರಿಸಬಲ್ಲೆ. ಊಟ ಬಿಡುವುದು, ಮುಖಕ್ಕೆ ಹೊಡೆದುಕೊಳ್ಳುವುದು, ಹಗಲು ನಿದ್ರಿಸುವುದು ಡೌನ್ ಸಿಂಡ್ರೋಮಿನ ಸಹಜ ಭಾಗಗಳಲ್ಲ. ನಿನ್ನೆಯವರೆಗೆ ಇಲ್ಲದ ವರ್ತನೆಯೊಂದು ಇಂದು ಕಾಣಿಸಿಕೊಂಡಿದೆ ಎಂದರೆ ಅದಕ್ಕೆ ಕಾರಣ ಇರಲೇಬೇಕು, ಮತ್ತು ಆ ಕಾರಣವನ್ನು ಮೊದಲು ದೇಹದಲ್ಲಿ ಹುಡುಕಬೇಕು. ದೇಹದಲ್ಲಿ ಏನೂ ಸಿಗದಿದ್ದಾಗ ಮನಸ್ಸಿನ ಕಡೆಗೆ, ಮನೆಯ ಅಥವಾ ಸುತ್ತಲಿನ ಬದಲಾವಣೆಗಳ ಕಡೆಗೆ ನೋಡಬೇಕು. ಆರೋಗ್ಯ ಸೇವೆ ಇವರಿಗೆ ಎಟುಕಬೇಕು ಎಂದಾಗ ಎಲ್ಲರೂ ಕಟ್ಟಡ, ದೂರ, ಹಣಕಾಸು ಎಂದು ಯೋಚಿಸುತ್ತಾರೆ. ನನ್ನ ಅನುಭವದಲ್ಲಿ ಅತಿ ದೊಡ್ಡ ಅಡ್ಡಗೋಡೆ ಇರುವುದು ವೈದ್ಯರ ಕೋಣೆಯ ಒಳಗೆ, ರೋಗಿಯ ಎದುರಿನ ಕುರ್ಚಿಯಲ್ಲಿ.

ಇದು ಹೊಸ ವಿಷಯವೇನಲ್ಲ. ಬೌದ್ಧಿಕ ವಿಕಲತೆ ಎಂಬ ಒಂದು ಹಣೆಪಟ್ಟಿ ಕಂಡೊಡನೆ ಪರೀಕ್ಷಿಸುವ ತಜ್ಞರಿಗೆ ಅದರ ಹಿಂದಿರುವ ಮಾನಸಿಕ ಕಾಯಿಲೆ ಕಾಣದೇ ಹೋಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ರೈಸ್ ಮತ್ತು ಸಂಗಡಿಗರು 1982ರಲ್ಲೇ ತೋರಿಸಿದ್ದರು. ದೈಹಿಕ ಕಾಯಿಲೆಗಳ ವಿಷಯದಲ್ಲೂ ಅದೇ ಆಗುತ್ತದೆ ಎಂಬುದು ಅನಂತರ ಸ್ಪಷ್ಟವಾಯಿತು. ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಬೌದ್ಧಿಕ ವಿಕಲತೆಯಿದ್ದ 247 ಜನರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ವರದಿ ಕೊಟ್ಟರು. ಸಾಮಾನ್ಯ ಜನರಿಗೆ ಹೋಲಿಸಿದರೆ ಗಂಡಸರು ಸುಮಾರು 13 ವರ್ಷ, ಹೆಂಗಸರು ಸುಮಾರು 20 ವರ್ಷ ಮೊದಲೇ ತೀರಿಕೊಂಡಿದ್ದರು. ಮೂಲ ಸ್ಥಿತಿಯೇ ಇದಕ್ಕೆಲ್ಲ ಕಾರಣವಾಗಿರಲಿಲ್ಲ. ಅಲ್ಲಿ ಮತ್ತೆ ಮತ್ತೆ ಕಂಡುಬಂದದ್ದು ರೋಗ ಪತ್ತೆಯಾಗುವುದರಲ್ಲಿ ವಿಳಂಬ, ಪತ್ತೆಯಾದ ಮೇಲೆ ಚಿಕಿತ್ಸೆಯಲ್ಲಿ ವಿಳಂಬ, ಮನೆಯವರ ಮಾತಿಗೆ ಕಿವಿಗೊಡದಿರುವುದು. ವೈದ್ಯನಾಗಿ ಈ ಅಂಕಿಗಳನ್ನು ಓದುವುದು ನನಗೆ ಇಂದಿಗೂ ಸಂಕಟದ ವಿಷಯ, ಏಕೆಂದರೆ ಇವುಗಳಲ್ಲಿ ಯಾವುದಕ್ಕೂ ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ.

ಈಗ ನಿಮ್ಮ ಅಣ್ಣನವರ ವಿಷಯಕ್ಕೆ ಬರುತ್ತೇನೆ. ಒಂದೇ ಕಡೆಯ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಾರೆ, ಊಟವನ್ನು ಆರಂಭಿಸಿ ಬಿಡುತ್ತಿದ್ದಾರೆ ಎಂದರೆ ನಾನು ಮೊದಲು ಬಾಯಿ ತೆರೆಸಿ ಹಲ್ಲು, ವಸಡುಗಳನ್ನು ನೋಡುತ್ತೇನೆ, ಆಮೇಲೆ ಅದೇ ಬದಿಯ ಕಿವಿಯನ್ನು. ಡೌನ್ ಸಿಂಡ್ರೋಮ್ ಇರುವವರಲ್ಲಿ ವಸಡಿನ ಕಾಯಿಲೆ ಹೆಚ್ಚು. ಕಿವಿಯ ನಾಳ ಕಿರಿದಾಗಿರುವುದರಿಂದ ಗುಗ್ಗೆ ಕಟ್ಟಿಕೊಳ್ಳುವುದೂ, ಸೋಂಕಾಗುವುದೂ, ಶ್ರವಣಶಕ್ತಿ ಕುಗ್ಗುವುದೂ ಸಾಮಾನ್ಯ. ಹಗಲಿನ ತೂಕಡಿಕೆಗೆ ಥೈರಾಯ್ಡ್ ಗ್ರಂಥಿಯ ಮಂದಗತಿ ಮತ್ತು ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಇವೆರಡನ್ನೂ ನೋಡಲೇಬೇಕು. ಎರಡೂ ಇವರಲ್ಲಿ ಬಹಳ ಸಾಮಾನ್ಯ, ಎರಡಕ್ಕೂ ಚಿಕಿತ್ಸೆಯಿದೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಾರೆಯೇ, ಕುಳಿತೇ ಮಲಗುತ್ತಾರೆಯೇ ಎಂದು ಒಂದೆರಡು ರಾತ್ರಿ ಗಮನಿಸಿ ಬರೆದಿಟ್ಟುಕೊಳ್ಳಿ. ಮಲಬದ್ಧತೆಯನ್ನು ಹಗುರವಾಗಿ ಎಣಿಸಬೇಡಿ. ಹಸಿವು ಸತ್ತುಹೋಗಲು ಅದೊಂದೇ ಸಾಕು, ಮತ್ತು ಗಮನಿಸದೆ ಬಿಟ್ಟರೆ ಕರುಳು ಕಟ್ಟಿಕೊಂಡು ಪ್ರಾಣಕ್ಕೇ ಅಪಾಯವಾದ ಉದಾಹರಣೆಗಳಿವೆ.

ಮರೆವಿನ ಕಾಯಿಲೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. 21ನೆಯ ವರ್ಣತಂತುವಿನ ಒಂದು ಪ್ರತಿ ಹೆಚ್ಚುವರಿಯಾಗಿ ಇರುವುದರಿಂದ ಈ ಜನರಿಗೆ ಅಲ್ಜೈಮರ್ ಕಾಯಿಲೆ ಇತರರಿಗಿಂತ ಹಲವು ವರ್ಷ ಮೊದಲೇ, ಸಾಮಾನ್ಯವಾಗಿ ಐವತ್ತರ ಆಸುಪಾಸಿನಲ್ಲಿ, ಬರುವ ಸಂಭವವಿದೆ. ನಿಮ್ಮ ವೈದ್ಯರ ಮನಸ್ಸಿನಲ್ಲಿ ಇದೇ ಇದ್ದಿರಬಹುದು. ಆದರೆ ಥೈರಾಯ್ಡ್ ದೋಷ, ಖಿನ್ನತೆ, ಕಿವುಡು, ಕಣ್ಣಿನ ಪೊರೆ ಇವೆಲ್ಲವೂ ಮರೆವಿನಂತೆಯೇ ಕಾಣುತ್ತವೆ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕಿದ ಮೇಲೆಯೇ ಮರೆವಿನ ಕಾಯಿಲೆಯ ಮಾತನ್ನು ಎತ್ತಬೇಕು.

ಮಾತ್ರೆಯ ಬಗ್ಗೆ: ಅದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಅದರ ಹೆಸರು, ಪ್ರಮಾಣ, ಆರಂಭಿಸಿದ ದಿನಾಂಕ, ಅನಂತರ ಕಂಡ ಬದಲಾವಣೆಗಳನ್ನು ಬರೆದುಕೊಂಡು ಆದಷ್ಟು ಬೇಗ ವೈದ್ಯರ ಮುಂದಿಟ್ಟು, "ಇದನ್ನು ಯಾವ ರೋಗಕ್ಕಾಗಿ ಕೊಟ್ಟಿದ್ದೀರಿ, ಎಷ್ಟು ಕಾಲ ಕೊಡಬೇಕು, ಯಾವಾಗ ಮರುಪರಿಶೀಲಿಸುತ್ತೀರಿ?" ಎಂದು ಕೇಳಿ. ಅಷ್ಟರಲ್ಲಿ ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ನುಂಗುವುದು ಕಷ್ಟವಾದರೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಸೂಕ್ತ ಕಾರಣವಿಲ್ಲದೆ ಮನೋವಿಕಾರಕ್ಕೋ ಖಿನ್ನತೆಗೋ ಕೊಡುವ ಔಷಧಗಳನ್ನು ನಿತ್ಯ ಸೇವಿಸುತ್ತಿರುವ ಬೌದ್ಧಿಕ ವಿಕಲತೆಯುಳ್ಳ ವಯಸ್ಕರು ಇಂಗ್ಲೆಂಡ್ ಒಂದರಲ್ಲೇ 30,000ದಿಂದ 35,000ದಷ್ಟಿದ್ದಾರೆಂದು 2015ರಲ್ಲಿ ಅಲ್ಲಿಯ ಸಾರ್ವಜನಿಕ ಆರೋಗ್ಯ ಇಲಾಖೆ ಅಂದಾಜು ಮಾಡಿತ್ತು. ಇಂಥ ಅನೇಕ ಔಷಧಗಳು ಮಲಬದ್ಧತೆಯನ್ನೂ ಮಂಪರನ್ನೂ ಹೆಚ್ಚಿಸುತ್ತವೆ. ಹಲ್ಲುನೋವಿಗೆ ಮಂಪರಿನ ಮಾತ್ರೆ ಕೊಟ್ಟರೆ ಹೊಡೆದುಕೊಳ್ಳುವುದು ನಿಲ್ಲಬಹುದು, ನೋವು ನಿಲ್ಲುವುದಿಲ್ಲ.

ಉತ್ತರ (ತಂದೆ)

ಮೇಲಿನ ವೈದ್ಯರ ಮಾತುಗಳನ್ನು ಓದಿ ಸಮಾಧಾನವಾಯಿತು. ನನ್ನ ಮಗಳು ಮಾತನ್ನೇ ಆಡುವುದಿಲ್ಲ, ಈಗ ಇಪ್ಪತ್ತರ ಮೇಲಿನ ವಯಸ್ಸು. ನಮ್ಮ ಮನೆಯಲ್ಲಿ ಫಲ ಕೊಟ್ಟ ಒಂದು ಕ್ರಮವನ್ನು ಹಂಚಿಕೊಳ್ಳುತ್ತೇನೆ.

ಅವಳು ಆರೋಗ್ಯವಾಗಿರುವಾಗ ಹೇಗಿರುತ್ತಾಳೆ ಎಂಬುದನ್ನು ನಾವು ಬರೆದಿಟ್ಟಿದ್ದೇವೆ. ವಿಚಿತ್ರವೆನಿಸಬಹುದು, ಆದರೆ ಆಸ್ಪತ್ರೆಯವರಿಗೆ ತಿಳಿಯದಿರುವುದು ಇದೇ. ಅವಳು ಸುಖವಾಗಿದ್ದಾಗ ಹೆಬ್ಬೆರಳನ್ನು ಮಡಿಸಿಕೊಂಡು ಮೆಲ್ಲನೆ ಹಿಂದೆ ಮುಂದೆ ತೂಗುತ್ತಾಳೆ, ಗಂಟಲಿನಲ್ಲಿ ಒಂದೇ ಸ್ವರದ ಗುನುಗು ಇರುತ್ತದೆ. ನೋವಿದ್ದಾಗ ತೂಗುವುದು ನಿಂತುಹೋಗುತ್ತದೆ, ಮೊಣಕಾಲುಗಳನ್ನು ಎದೆಗೆ ಎಳೆದುಕೊಳ್ಳುತ್ತಾಳೆ, ಮುಖ ಬಿಳಿಚುತ್ತದೆ, ಸದ್ದೇ ಇರುವುದಿಲ್ಲ. ಹೊಸಬರು ನೋಡಿದರೆ "ಎಷ್ಟು ಶಾಂತವಾಗಿದ್ದಾಳೆ" ಎನ್ನುತ್ತಾರೆ. ಅವಳು ಶಾಂತವಾಗಿರುವುದೇ ನಮಗೆ ಅಪಾಯದ ಸೂಚನೆ ಎಂಬುದನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು, ಅದನ್ನು ಅವಳ ಕಡತದ ಮೊದಲ ಪುಟವಾಗಿ ಇಡುವಂತೆ ಕೇಳಿಕೊಂಡಿದ್ದೇವೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಡಿಸ್‌ಡ್ಯಾಟ್ ಎಂಬ ನಮೂನೆಯೂ ಇದೇ ತತ್ವದ ಮೇಲೆ ನಿಂತಿದೆ: ಮುಖ, ದನಿ, ಚರ್ಮದ ಬಣ್ಣ, ಕೈಕಾಲುಗಳ ಭಂಗಿ, ಅಭ್ಯಾಸಗಳು ಸಮಾಧಾನದಲ್ಲಿದ್ದಾಗ ಹೇಗಿರುತ್ತವೆ, ಸಂಕಟದಲ್ಲಿದ್ದಾಗ ಹೇಗಿರುತ್ತವೆ ಎಂದು ಪಕ್ಕಪಕ್ಕದಲ್ಲಿ ಬರೆಯುವುದು. ಪ್ರತಿಯೊಬ್ಬರ ಸಂಕಟದ ಭಾಷೆ ಬೇರೆ ಬೇರೆಯಾದ್ದರಿಂದ ಎಲ್ಲರಿಗೂ ಹೊಂದುವ ಒಂದೇ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ಅಣ್ಣನವರ ವಿಷಯದಲ್ಲಿ ಇನ್ನೂ ಒಂದು ಸಲಹೆ. ಕೆನ್ನೆಗೆ ಹೊಡೆದುಕೊಳ್ಳುವುದನ್ನೂ ತಟ್ಟೆ ತಳ್ಳುವುದನ್ನೂ ಮೊಬೈಲಿನಲ್ಲಿ ಸ್ವಲ್ಪ ಹೊತ್ತು ಚಿತ್ರೀಕರಿಸಿಕೊಳ್ಳಿ, ಜೊತೆಗೆ ಹಿಂದಿನ ವರ್ಷ ಅವರು ನಗುನಗುತ್ತಾ ಊಟ ಮಾಡುತ್ತಿದ್ದ ವಿಡಿಯೋ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ವೈದ್ಯರ ಕೋಣೆಯಲ್ಲಿ ಅವರು ಹೆದರಿ ಸುಮ್ಮನೆ ಕುಳಿತಿರುತ್ತಾರೆ. ಆ ಕೆಲವು ನಿಮಿಷಗಳಲ್ಲಿ ವೈದ್ಯರಿಗೆ ಕಾಣುವ ವ್ಯಕ್ತಿಯೇ ಬೇರೆ. ಎರಡು ವಿಡಿಯೋಗಳನ್ನು ಒಂದರ ಹಿಂದೆ ಒಂದು ತೋರಿಸಿದರೆ "ಇದು ಸಹಜ" ಎಂದು ಹೇಳುವುದು ಯಾರಿಗೂ ಸುಲಭವಾಗುವುದಿಲ್ಲ.

ಉತ್ತರ (ಶುಶ್ರೂಷಕಿ)

ಆಸ್ಪತ್ರೆಯವರಿಂದ ಏನನ್ನು ಅಪೇಕ್ಷಿಸಬಹುದು ಎಂದು ಕೇಳಿದ್ದೀರಿ. ನೀವು ಕೇಳುತ್ತಿರುವುದು ಉಪಕಾರವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ವಿಶ್ವಸಂಸ್ಥೆಯ ಮಹಾಸಭೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 25ನೆಯ ವಿಧಿ, ಇತರರಿಗೆ ಸಿಗುವ ಅದೇ ವ್ಯಾಪ್ತಿಯ, ಅದೇ ಗುಣಮಟ್ಟದ ಆರೋಗ್ಯ ಸೇವೆ ವಿಕಲಚೇತನರಿಗೂ ಸಿಗಬೇಕೆಂದು ಹೇಳುತ್ತದೆ. 180ಕ್ಕೂ ಹೆಚ್ಚು ದೇಶಗಳು ಅದನ್ನು ಅನುಮೋದಿಸಿವೆ. ಮೆಟ್ಟಿಲು ಹತ್ತಲಾಗದವರಿಗೆ ಇಳಿಜಾರು ದಾರಿ ಹೇಗೋ, ಮಾತಿನಲ್ಲಿ ವಿವರಿಸಲಾಗದವರಿಗೆ ಹೆಚ್ಚಿನ ಸಮಯ ಹಾಗೆ.

ಆದ್ದರಿಂದ ಸಮಯದಿಂದಲೇ ಆರಂಭಿಸಿ. ಮೊದಲೇ ದೂರವಾಣಿ ಮಾಡಿ, ಅಣ್ಣನವರ ಸ್ಥಿತಿಯನ್ನು ವಿವರಿಸಿ, ದಿನದ ಮೊದಲ ಸರದಿಯನ್ನೋ ಕೊನೆಯ ಸರದಿಯನ್ನೋ ಕೇಳಿ, ಎರಡು ಜನರ ಸಮಯವನ್ನು ಒಟ್ಟಿಗೆ ಕಾದಿರಿಸಲು ಕೋರಿ. ಕಾಯುವ ಕೋಣೆಯ ಗದ್ದಲ ಅವರಿಗೆ ಆಗದಿದ್ದರೆ ಹೊರಗೆ ಕುಳಿತಿರುತ್ತೇವೆ, ಸರದಿ ಬಂದಾಗ ಫೋನ್ ಮಾಡಿ ಎಂದು ಹೇಳಬಹುದು. ಇವಾವುದಕ್ಕೂ ಆಸ್ಪತ್ರೆಗೆ ಹೆಚ್ಚಿನ ಖರ್ಚಿಲ್ಲ. ನಮ್ಮ ವಿಭಾಗದಲ್ಲಿ ಇದನ್ನು ಜಾರಿಗೆ ತಂದ ಮೇಲೆ ಪರೀಕ್ಷೆ ಅರ್ಧಕ್ಕೇ ನಿಲ್ಲುವುದು ಕಡಿಮೆಯಾಯಿತು, ನಮ್ಮ ಸಮಯವೂ ಉಳಿಯಿತು. ಒಮ್ಮೆ ಒಪ್ಪಿಕೊಂಡ ಅನುಕೂಲಗಳನ್ನು ಕಡತದಲ್ಲಿ ಎದ್ದುಕಾಣುವಂತೆ ನಮೂದಿಸಲು ಒತ್ತಾಯಿಸಿ, ಇಲ್ಲದಿದ್ದರೆ ಪ್ರತಿ ಬಾರಿಯೂ ಹೊಸಬರಿಗೆ ಮೊದಲಿನಿಂದ ಹೇಳುತ್ತಿರಬೇಕಾಗುತ್ತದೆ.

ಮೇಲಿನವರು ಹೇಳಿದ ಹಾಳೆಯನ್ನು ಇನ್ನೊಂದಿಷ್ಟು ವಿಸ್ತರಿಸಿಕೊಳ್ಳಬಹುದು. ಆಸ್ಪತ್ರೆ ಪಾಸ್‌ಪೋರ್ಟ್ ಎಂದು ಕರೆಯುವ ಕಿರುಪುಸ್ತಿಕೆಗಳಲ್ಲಿ ಸಂಚಾರ ದೀಪದ ಮೂರು ಬಣ್ಣಗಳನ್ನು ಬಳಸುತ್ತಾರೆ. ಕೆಂಪು ಪುಟದಲ್ಲಿ ತಿಳಿಯದಿದ್ದರೆ ಪ್ರಾಣಾಪಾಯವಾಗುವ ಸಂಗತಿಗಳು: ಔಷಧಗಳು, ಅಲರ್ಜಿ, ಮೂರ್ಛೆ, ಹೃದಯದ ದೋಷ, ನುಂಗುವ ತೊಂದರೆ. ಹಳದಿಯಲ್ಲಿ ಮಾತು, ಊಟ, ಶೌಚ, ನಿದ್ರೆಗಳಲ್ಲಿ ಬೇಕಾದ ಸಹಾಯ. ಹಸಿರಿನಲ್ಲಿ ಇಷ್ಟಾನಿಷ್ಟಗಳು. ಹಸಿರು ಪುಟವನ್ನು ಅನೇಕರು ಖಾಲಿ ಬಿಡುತ್ತಾರೆ, ಹಾಗೆ ಮಾಡಬೇಡಿ. ರಾತ್ರಿ ಪಾಳಿಯ ಶುಶ್ರೂಷಕಿಗೆ ಹೆದರಿದ ರೋಗಿಯನ್ನು ಸಮಾಧಾನಪಡಿಸಲು ಆ ಪುಟವೇ ಆಧಾರ. ನಿಮ್ಮ ಅಣ್ಣನವರ ಕೆಂಪು ಪುಟಕ್ಕೆ ಇನ್ನೊಂದು ಅಂಶ ಸೇರಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿರುತ್ತದೆ. ಮುಂದೆ ಎಂದಾದರೂ ಹಲ್ಲಿಗೋ ಬೇರೆ ಶಸ್ತ್ರಚಿಕಿತ್ಸೆಗೋ ಅರಿವಳಿಕೆ ಕೊಡಬೇಕಾಗಿ ಬಂದರೆ, ಕತ್ತನ್ನು ಹಿಂದಕ್ಕೆ ಬಾಗಿಸುವ ಮೊದಲು ಅರಿವಳಿಕೆ ತಜ್ಞರಿಗೆ ಇದು ಗೊತ್ತಿರಬೇಕು.

ನುಂಗುವ ತೊಂದರೆ ಎಂದು ಬರೆದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಊಟ ಮಾಡುವಾಗ ಕೆಮ್ಮುತ್ತಾರೆಯೇ, ನುಂಗಿದ ಮೇಲೆ ದನಿ ಒದ್ದೆಯಾದಂತೆ ಕೇಳಿಸುತ್ತದೆಯೇ ಎಂದು ಗಮನಿಸಿ. ಆಹಾರ ಶ್ವಾಸನಾಳಕ್ಕೆ ಇಳಿದು ಬರುವ ನ್ಯುಮೋನಿಯಾ ಈ ಜನರ ಸಾವಿನ ಮುಖ್ಯ ಕಾರಣಗಳಲ್ಲೊಂದು, ಮತ್ತು ಮಂಪರು ತರಿಸುವ ಮಾತ್ರೆ ಆ ಅಪಾಯವನ್ನು ಹೆಚ್ಚಿಸುತ್ತದೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅವನು ಜೋರಾಗಿ ಗೊರಕೆ ಹೊಡೆಯುತ್ತಾನೆ. ಅದನ್ನು ರೋಗದ ಲಕ್ಷಣವೆಂದು ನಮಗೆ ಯಾರೂ ಹೇಳಿರಲಿಲ್ಲ. ಬೇರೊಬ್ಬ ವೈದ್ಯರಲ್ಲಿ ಮೊದಲ ಸರದಿ ಕೇಳಿದ್ದೇನೆ, ಒಪ್ಪಿದ್ದಾರೆ. ಇನ್ನೆರಡು ಸಂಗತಿಗಳು ಉಳಿದಿವೆ. ತಂದೆತಾಯಿ ಇಬ್ಬರೂ ಈಗಿಲ್ಲ. ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಯಾರು, ಅವನೋ ನಾನೋ? ಮತ್ತು ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆಯಲೇಬೇಕಲ್ಲ, ಸೂಜಿ ಕಂಡೊಡನೆ ಓಡಿಹೋಗುವವನಿಗೆ ಅದನ್ನು ಮಾಡಿಸುವುದು ಹೇಗೆ? ಹಿಂದೊಮ್ಮೆ ನಾಲ್ಕು ಜನ ಹಿಡಿದುಕೊಂಡು ರಕ್ತ ತೆಗೆದಿದ್ದರು. ಅಂದಿನಿಂದ ಬಿಳಿ ಕೋಟು ಕಂಡರೂ ನಡುಗುತ್ತಾನೆ.

ಉತ್ತರ (ವಿಕಲಚೇತನರ ಹಕ್ಕುಗಳ ಕ್ಷೇತ್ರದ ಕಾರ್ಯಕರ್ತ)

ಒಪ್ಪಿಗೆಯ ಬಗ್ಗೆ ನಾನು ಬರೆಯುತ್ತೇನೆ. ಪಾಲಕತ್ವದ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಸಹಿಯ ವಿಷಯವನ್ನು ಅಲ್ಲಿಯ ವಕೀಲರಲ್ಲಿ ಕೇಳಿಕೊಳ್ಳಬೇಕು. ಆದರೆ ತತ್ವ ಸ್ಪಷ್ಟವಾಗಿದೆ. ಶುಶ್ರೂಷಕಿಯವರು ಮೇಲೆ ಹೇಳಿದ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೆಯ ವಿಧಿ ವಿಕಲಚೇತನರೂ ಇತರರಂತೆ ಕಾನೂನುಬದ್ಧ ನಿರ್ಧಾರಗಳನ್ನು ಕೈಗೊಳ್ಳಬಲ್ಲ ವ್ಯಕ್ತಿಗಳೆಂದೂ, ಅದಕ್ಕೆ ಬೇಕಾದ ನೆರವನ್ನು ಒದಗಿಸುವುದು ರಾಷ್ಟ್ರಗಳ ಹೊಣೆಯೆಂದೂ ಹೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2005ರ ಮಾನಸಿಕ ಸಾಮರ್ಥ್ಯ ಕಾಯಿದೆಯಲ್ಲಿ ಇದು ಇನ್ನೂ ಬಿಡಿಸಿ ಹೇಳಲ್ಪಟ್ಟಿದೆ: ವಯಸ್ಕನಿಗೆ ನಿರ್ಧರಿಸುವ ಶಕ್ತಿಯಿದೆ ಎಂದೇ ಮೊದಲು ಭಾವಿಸಬೇಕು, ಅರ್ಥಮಾಡಿಸುವ ಎಲ್ಲ ದಾರಿಗಳನ್ನೂ ಪ್ರಯತ್ನಿಸಿದ ಬಳಿಕವೇ ಇಲ್ಲವೆನ್ನಬೇಕು, ಆ ತೀರ್ಮಾನವೂ ಆ ಒಂದು ನಿರ್ಧಾರಕ್ಕೆ ಮಾತ್ರ ಸೀಮಿತ. ಕ್ಲಿಷ್ಟ ಶಸ್ತ್ರಚಿಕಿತ್ಸೆಯ ಸಾಧಕಬಾಧಕಗಳನ್ನು ತೂಗಲಾರದ ವ್ಯಕ್ತಿ, ಯಾವ ಕೈಯಿಂದ ರಕ್ತ ತೆಗೆಯಬೇಕು, ಇಂದೋ ನಾಳೆಯೋ, ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಖಂಡಿತ ಹೇಳಬಲ್ಲ. ನಿಮ್ಮ ಅಣ್ಣ "ಹೂಂ" ಎನ್ನುವ ಸ್ವಭಾವದವರಾದ್ದರಿಂದ ಹೂಂ-ಇಲ್ಲ ಪ್ರಶ್ನೆಗಳನ್ನು ಬಿಟ್ಟು, ಎರಡು ಚಿತ್ರಗಳನ್ನು ಮುಂದಿಟ್ಟು ಒಂದನ್ನು ಆರಿಸಲು ಹೇಳಿ. ಸ್ವಲ್ಪ ಹೊತ್ತಿನ ನಂತರ ಚಿತ್ರಗಳ ಸ್ಥಾನ ಬದಲಿಸಿ ಮತ್ತೆ ಕೇಳಿ.

ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಿ. ಇಂಥವರಿಗೆ ಇಷ್ಟು ಚಿಕಿತ್ಸೆ ಸಾಕು ಎಂಬ ನಿರ್ಧಾರ ಕೆಲವೊಮ್ಮೆ ಯಾರನ್ನೂ ಕೇಳದೆ ನಡೆದುಬಿಡುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡುತ್ತಿದ್ದಾಗ, ತೀವ್ರ ನಿಗಾ ಘಟಕಕ್ಕೆ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸಲು ವೃದ್ಧರ ದೌರ್ಬಲ್ಯವನ್ನು ಅಳೆಯುವ ಮಾಪಕವೊಂದನ್ನು ಬಳಸುವಂತೆ ಬ್ರಿಟನ್ನಿನಲ್ಲಿ ಚಿಕಿತ್ಸಾ ಕ್ರಮಗಳನ್ನು ಸೂಚಿಸುವ ನೈಸ್ ಸಂಸ್ಥೆ ಮಾರ್ಗಸೂಚಿ ಹೊರಡಿಸಿತ್ತು. ನಿತ್ಯಕರ್ಮಗಳಿಗೆ ಇತರರ ನೆರವು ಬೇಕಾದ ಕಾರಣಕ್ಕೇ ಬೌದ್ಧಿಕ ವಿಕಲತೆಯುಳ್ಳ ಯುವಕರೂ ಅದರಲ್ಲಿ ಅತಿ ದುರ್ಬಲರೆಂದು ಎಣಿಕೆಯಾಗುತ್ತಿದ್ದರು. ಕುಟುಂಬಗಳೂ ಸಂಘಟನೆಗಳೂ ಪ್ರತಿಭಟಿಸಿದ ಮೇಲೆ ಕೆಲವೇ ದಿನಗಳಲ್ಲಿ, ಸ್ಥಿರವಾದ ದೀರ್ಘಕಾಲಿಕ ವಿಕಲತೆಯುಳ್ಳವರಿಗೆ ಆ ಮಾಪಕವನ್ನು ಬಳಸಕೂಡದೆಂದು ತಿದ್ದಲಾಯಿತು. ಆದ್ದರಿಂದ ಯಾರಾದರೂ ಯಾವುದೇ ಚಿಕಿತ್ಸೆಯನ್ನು ಬೇಡವೆಂದರೆ, "ಡೌನ್ ಸಿಂಡ್ರೋಮ್ ಇಲ್ಲದ ಇದೇ ವಯಸ್ಸಿನವರಿಗೆ ನೀವು ಏನು ಮಾಡುತ್ತಿದ್ದಿರಿ?" ಎಂದು ನೇರವಾಗಿ ಕೇಳಿ, ಉತ್ತರವನ್ನು ಬರೆದುಕೊಡಲು ಹೇಳಿ.

ಉತ್ತರ (ಶುಶ್ರೂಷಕಿ)

ಸೂಜಿಯ ವಿಷಯ. ಬಲವಂತವಾಗಿ ಹಿಡಿದು ರಕ್ತ ತೆಗೆಯುವುದರಿಂದ ಆ ದಿನದ ಪರೀಕ್ಷೆ ಮುಗಿಯುತ್ತದೆ, ಮುಂದಿನ ಹತ್ತು ವರ್ಷಗಳ ಪರೀಕ್ಷೆಗಳು ಕೆಡುತ್ತವೆ. ಅದರ ಫಲವನ್ನು ನೀವೇ ಕಂಡಿದ್ದೀರಿ. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ ನಿಧಾನದ ದಾರಿಯೇ ಬೇಗ ತಲುಪಿಸುತ್ತದೆ.

ಮೊದಲ ಭೇಟಿಯಲ್ಲಿ ಸೂಜಿಯ ಮಾತೇ ಬೇಡ. ಅಣ್ಣನವರು ಆ ಕೋಣೆಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಶುಶ್ರೂಷಕಿಯನ್ನು ಮಾತನಾಡಿಸಿ ಮನೆಗೆ ಬರಲಿ. ಅವರನ್ನು ನೋಡಿಕೊಳ್ಳುವ ಶುಶ್ರೂಷಕಿ ಪ್ರತಿ ಸಲವೂ ಒಬ್ಬರೇ ಆಗಿರಲಿ, ಬಿಳಿ ಕೋಟು ತೊಡದಿರಲಿ ಎಂದು ಕೇಳಿಕೊಳ್ಳಿ. ಮುಂದಿನ ಭೇಟಿಯಲ್ಲಿ ತೋಳಿಗೆ ಪಟ್ಟಿ ಕಟ್ಟಿ ಬಿಚ್ಚುವುದು, ಹತ್ತಿಯಿಂದ ಒರೆಸುವುದು, ಅಷ್ಟೇ. ಮನೆಯಲ್ಲಿ ಇದನ್ನೇ ಆಟದಂತೆ ಅಭ್ಯಾಸ ಮಾಡಿಸಿ, ಮೊದಲು ನಿಮ್ಮ ತೋಳಿಗೆ ಅವರು ಕಟ್ಟಲಿ. ರಕ್ತ ತೆಗೆಯುವ ದಿನ ಚರ್ಮ ಮರಗಟ್ಟಿಸುವ ಮುಲಾಮನ್ನು ವೈದ್ಯರಿಂದ ಬರೆಸಿಕೊಂಡು, ಸುಮಾರು ಒಂದು ಗಂಟೆ ಮೊದಲೇ ಎರಡೂ ಮೊಣಕೈಗಳ ಒಳಭಾಗಕ್ಕೆ ಹಚ್ಚಿ ಮುಚ್ಚಿಡಿ. ಒಂದು ಕಡೆ ರಕ್ತನಾಳ ಸಿಗದಿದ್ದರೆ ಇನ್ನೊಂದು ಕಡೆ ಸಿದ್ಧವಿರುತ್ತದೆ. ಸುಳ್ಳು ಹೇಳಿ ಕರೆದೊಯ್ಯಬೇಡಿ, ಆದರೆ ವಾರದ ಮೊದಲೇ ಹೇಳಿ ಅಷ್ಟೂ ದಿನ ಹೆದರುವಂತೆಯೂ ಮಾಡಬೇಡಿ. ಎಷ್ಟು ಮುಂಚೆ ಹೇಳಿದರೆ ಅವರಿಗೆ ಹಿತ ಎಂಬುದು ನಿಮಗೇ ಗೊತ್ತಿರುತ್ತದೆ. "ಬೇಡ" ಎಂದು ಕೈ ಎಳೆದುಕೊಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂದು ಎಲ್ಲರೂ ಮೊದಲೇ ಮಾತಾಡಿಕೊಂಡಿರಿ. ಒಮ್ಮೆ ನಿಜವಾಗಿಯೂ ನಿಲ್ಲಿಸಿದರೆ ಮುಂದಿನ ಸಲ ಕೈ ಚಾಚುವ ಧೈರ್ಯ ಅವರಿಗೆ ಬರುತ್ತದೆ.

ಇವೆಲ್ಲವೂ ವಿಫಲವಾಗಿ, ಹಲ್ಲಿನ ಚಿಕಿತ್ಸೆಗೆ ಅರಿವಳಿಕೆ ಕೊಡುವುದು ಅನಿವಾರ್ಯವೆಂದಾದರೆ, ಆ ಒಂದೇ ಅವಧಿಯಲ್ಲಿ ರಕ್ತವನ್ನು ತೆಗೆಯುವುದು, ಕಿವಿಯ ಗುಗ್ಗೆಯನ್ನು ಸ್ವಚ್ಛಗೊಳಿಸುವುದು, ಕಣ್ಣಿನ ಪರೀಕ್ಷೆ ಮಾಡುವುದು ಸಾಧ್ಯವೇ ಎಂದು ಆಯಾ ವಿಭಾಗಗಳಿಗೆ ಮುಂಚಿತವಾಗಿ ಪತ್ರ ಬರೆಯಿರಿ. ವಿಭಾಗಗಳು ತಾವಾಗಿ ಮಾತಾಡಿಕೊಳ್ಳುವುದು ಅಪರೂಪ, ಆದ್ದರಿಂದ ಪ್ರತಿ ಪತ್ರದಲ್ಲೂ ಉಳಿದ ವಿಭಾಗಗಳ ಹೆಸರನ್ನು ನಮೂದಿಸಿ, ದಿನಾಂಕ ನಿಗದಿಯಾಗುವ ಮೊದಲೇ ಒಬ್ಬ ವೈದ್ಯರು ಇಡೀ ಹೊಣೆಯನ್ನು ವಹಿಸಿಕೊಳ್ಳುವಂತೆ ಕೇಳಿ.